ಒಂಬತ್ತು ಹತ್ತರ ಎದೆಬಡಿತ

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವರು ವಾಚಮ್ಮ. ಮೂರಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಬಟ್ಟೆಯ ಬೀರುವಿಗಿಂತ ಸ್ವಲ್ಪವೇ ಅಗಲವಾದ ಜಾಗದಲ್ಲಿ ಅವರ ವಾಚ್ ರಿಪೇರಿ ಅಂಗಡಿ. ಪಕ್ಕದ್ದು ನನ್ನ ಜೆರಾಕ್ಸ್ ಅಂಗಡಿ. ನಡುವೆ ಇರುವುದು ಬರೀ ಹಲಗೆಯ ಗೋಡೆ. ಅವರು ಸೀನಿದರೆ ನನಗೆ ಕೇಳಿಸುತ್ತದೆ. ನನ್ನ ಯಂತ್ರ ಕಾಗದ ಕಚ್ಚಿಕೊಂಡು ನಿಂತರೆ ನಾನು ತಿರುಗಿ ನೋಡುವ ಮೊದಲೇ ಆ ಕಡೆಯಿಂದ, "ನಿಂತಿತು ನೋಡಪ್ಪ ನಿನ್ನ ಕುದುರೆ" ಎಂಬ ಮಾತು ಬರುತ್ತದೆ. ಹದಿನಾರು ವರ್ಷದಿಂದ ನಾವು ಹೀಗೇ ಇದ್ದೇವೆ. ಹಾಗಾಗಿ ಈ ಕತೆಯಲ್ಲಿ ಒಂದಿಷ್ಟು ನಾನು ಕಣ್ಣಾರೆ ಕಂಡದ್ದು, ಒಂದಿಷ್ಟು ಹಲಗೆಯ ಆಚೆಯಿಂದ ಕೇಳಿದ್ದು. ಉಳಿದ ಒಂದು ಭಾಗವನ್ನು ಅವರೇ ಕೂತು ಹೇಳಿದರು.

ಐವತ್ತೇಳು ವರ್ಷದ, ಸಣಕಲು ಮೈಯ ಹೆಂಗಸು. ಕೆಲಸವನ್ನು ಕಲಿತದ್ದು ಅಪ್ಪನಿಂದ. ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮೊಣಕೈಗಳನ್ನು ಮೇಜಿಗೆ ಊರಿ ಕೂತರೆ ಉಸಿರಾಡುತ್ತಾರೋ ಇಲ್ಲವೋ ಎಂದು ಅನುಮಾನ ಬರಬೇಕು. ಮೊಬೈಲು ಬಂದ ಮೇಲೆ ಜನ ಕೈಗೆ ವಾಚು ಕಟ್ಟುವುದನ್ನೇ ಬಿಟ್ಟರು. ಆಗ ಅವರ ಕಸುಬು ಸೆಲ್ಲು ಹಾಕುವುದಕ್ಕೂ ಬೆಲ್ಟು ಬದಲಿಸುವುದಕ್ಕೂ ಇಳಿಯಿತು. ಆಮೇಲೆ ಜನರ ಕೈಗೆ ಮತ್ತೆ ವಾಚು ಬಂತು. ಆದರೆ ಅದು ಬೇರೆಯದೇ ಜಾತಿ. ಕಪ್ಪು ಗಾಜು, ಒಳಗೆ ಬೆಳಕು. ಯಾರೋ ಒಮ್ಮೆ ರಿಪೇರಿಗೆಂದು ತಂದಾಗ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕೆ ಒಂದು ಸ್ಕ್ರೂ ಕೂಡ ಇಲ್ಲ. ಅಂಟು ಹಾಕಿ ಮುಚ್ಚಿಬಿಟ್ಟಿದ್ದಾರೆ. ಹೊಟ್ಟೆ ಬಿಚ್ಚೋಕೆ ಬಿಡದವನಿಗೆ ನಾನೇನು ಔಷಧಿ ಕೊಡಲಿ?" ಎಂದು ವಾಪಸು ಕೊಟ್ಟಿದ್ದರು.

ಅವರ ಯಜಮಾನರು ಮಾತ್ರ ತದ್ವಿರುದ್ಧ. ಲಿಫ್ಟ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಆಮೇಲೆ ಪೂರ್ತಿಯಾಗಿ ಫೋನಿಗೆ ಸೇರಿಹೋದರು. ದೊಡ್ಡ ಹಡಗುಗಳನ್ನು ನೀರಿಗೆ ಇಳಿಸುವ ವಿಡಿಯೋ, ಯಾರೋ ಇಬ್ಬರು ಬರಿಗೈಯಲ್ಲಿ ಮಣ್ಣು ಅಗೆದು ಈಜುಕೊಳ ಕಟ್ಟುವ ವಿಡಿಯೋ, ಇವೆಲ್ಲ ಅವರಿಗೆ ಪ್ರಾಣ. "ನಮ್ಮ ಮನೇಲಿ ದಿನಕ್ಕೆ ಆರು ಹಡಗು ಇಳಿಯುತ್ತೆ, ಒಂದು ಪಾತ್ರೆ ಮಾತ್ರ ಸ್ಟವ್ ಮೇಲಿಂದ ಇಳಿಯಲ್ಲ" ಎಂದು ವಾಚಮ್ಮ ಹೇಳುತ್ತಿದ್ದರು. ಅವರ ಬಳಿಯೂ ಒಂದು ಫೋನು ಇತ್ತು, ಯಜಮಾನರ ಹಳೆಯದು. ಬಂದ ಕರೆ ಎತ್ತುತ್ತಿದ್ದರು, ಬೇಕಾದಾಗ ಕರೆ ಮಾಡುತ್ತಿದ್ದರು, ಅಷ್ಟೆ.

ಒಬ್ಬಳೇ ಮಗಳು. ನದಿಯ ಆಚೆ ದಡದ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ರಕ್ತದ ಮಾದರಿಗಳನ್ನು ಪರೀಕ್ಷಿಸುವ ಕೆಲಸ. ಆಸ್ಪತ್ರೆಯ ಹತ್ತಿರವೇ ಗೆಳತಿಯೊಬ್ಬಳ ಜೊತೆ ಎರಡು ಕೋಣೆಯ ಮನೆ ಮಾಡಿಕೊಂಡಿದ್ದಳು. ಭಾನುವಾರ ಬಂದು ಹೋಗುತ್ತಿದ್ದಳು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ.

ಕತೆ ಶುರುವಾದದ್ದು ಒಂದು ಬೆಳಗ್ಗೆ. ಹಲಗೆಯ ಆಚೆ ಸ್ಟೂಲು ಬಿದ್ದ ಸದ್ದಾಯಿತು. "ಅಕ್ಕಾ?" ಎಂದೆ. ಉತ್ತರವಿಲ್ಲ. ಓಡಿ ಹೋಗಿ ನೋಡಿದರೆ ವಾಚಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ, ಮುಖ ಬಿಳುಚಿದೆ, ಕೈಯಲ್ಲಿ ಚಿಮಟ ಹಾಗೇ ಇದೆ. "ಏನೂ ಇಲ್ಲ, ಎದ್ದೆ, ಕಣ್ಣು ಕತ್ತಲೆ ಬಂತು. ಗಲಾಟೆ ಮಾಡಬೇಡ" ಎಂದರು. ನಾನು ಗಲಾಟೆ ಮಾಡಿದೆ. ಮಗಳಿಗೆ ಫೋನು ಹಚ್ಚಿದೆ.

ವೈದ್ಯರು ನೋಡಿ ಗಾಬರಿಯ ವಿಷಯ ಏನಿಲ್ಲ ಎಂದರು. ಹೊತ್ತಿಗೆ ಸರಿಯಾಗಿ ತಿನ್ನದೆ ಕೂತದ್ದು ಒಂದು ಕಾರಣ. ಎದೆಬಡಿತ ಆಗೊಮ್ಮೆ ಈಗೊಮ್ಮೆ ಒಂದು ಹೆಜ್ಜೆ ತಪ್ಪುತ್ತದೆ, ಅದರ ಮೇಲೆ ಒಂದು ಕಣ್ಣಿರಲಿ, ಅಷ್ಟೆ. ಮಗಳು 'ಒಂದು ಕಣ್ಣಿರಲಿ' ಎನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮುಂದಿನ ಭಾನುವಾರ ಬರುವಾಗ ಕಪ್ಪು ಗಾಜಿನ ವಾಚು ತಂದಳು.

"ಎದೆಬಡಿತ ನೋಡುತ್ತೆ, ನಿದ್ದೆ ನೋಡುತ್ತೆ, ಎಷ್ಟು ನಡೆದೆ ಅಂತ ಲೆಕ್ಕ ಇಡುತ್ತೆ. ನೀನೇನೂ ಮಾಡಬೇಕಾಗಿಲ್ಲಮ್ಮ, ಸುಮ್ನೆ ಕಟ್ಕೊಂಡಿರು."

"ಟೈಮ್ ತೋರಿಸುತ್ತೋ?"

"ತೋರಿಸುತ್ತೆ ಅಮ್ಮ!"

"ಹಾಗಾದ್ರೆ ಸರಿ. ಅದನ್ನೊಂದು ಮರೆತಿರ್ತಾರೇನೋ ಅಂದ್ಕೊಂಡೆ."

ಆ ವಾಚು ಬರೀ ನೋಡುವುದಿಲ್ಲ, ನೋಡಿದ್ದನ್ನು ನದಿಯಾಚೆ ಮಗಳ ಫೋನಿಗೆ ಮುಟ್ಟಿಸುತ್ತದೆ ಎಂಬುದು ಅವರಿಗೆ ತಿಳಿದದ್ದು ಮಾರನೆಯ ದಿನ. ಗಿರಾಕಿಯೊಬ್ಬ ತಾನೇ ನೀರಿಗೆ ಬೀಳಿಸಿದ ವಾಚನ್ನು ತಂದು ಇದು ನಿಮ್ಮಿಂದಲೇ ಕೆಟ್ಟದ್ದು ಎಂದು ಜಗಳಕ್ಕೆ ನಿಂತಿದ್ದ. ಅವನು ಮೆಟ್ಟಿಲು ದಾಟುವಷ್ಟರಲ್ಲಿ ಫೋನು ಬಂತು.

"ಅಮ್ಮ, ಈಗ್ಯಾಕೆ ನೂರ ಹದಿನೆಂಟು?"

"ಏನು ನೂರ ಹದಿನೆಂಟು?"

"ನಿನ್ನ ಎದೆಬಡಿತ."

ವಾಚಮ್ಮ ಮಣಿಕಟ್ಟು ತಿರುಗಿಸಿ ವಾಚನ್ನು ನೋಡಿದರು. "ನನ್ನ ಎದೆ ನಿನಗೆ ಕಾಣಿಸ್ತಿದೆಯಾ?"

"ಕಾಣಿಸುತ್ತೆ. ಅದಕ್ಕೇ ತಾನೇ ಕೊಡಿಸಿದ್ದು."

ಅಂದಿನಿಂದ ದಿನಕ್ಕೆ ನಾಲ್ಕು ಸಲ ಫೋನು. ಇನ್ನೂ ಯಾಕೆ ಊಟ ಮಾಡಿಲ್ಲ, ರಾತ್ರಿ ಯಾಕೆ ಸರಿಯಾಗಿ ಮಲಗಿಲ್ಲ, ಬೆಳಗ್ಗಿನಿಂದ ಬರೀ ಮುನ್ನೂರು ಹೆಜ್ಜೆ ಯಾಕೆ. ವಾಚು ಕೂಡ ತನ್ನ ಪಾಡಿಗೆ ತಾನು ಗಂಟೆಗೊಮ್ಮೆ ನಡುಗಿ 'ಎದ್ದು ನಿಲ್ಲಿ' ಎನ್ನುತ್ತಿತ್ತು. ಒಂದು ಮಧ್ಯಾಹ್ನ ಅವರು ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಇನ್ನೇನು ಕೂರಿಸಬೇಕು, ಆಗ ಮಣಿಕಟ್ಟು ಗುರ್ರೆಂದಿತು. ಸ್ಪ್ರಿಂಗು ಹಾರಿತು. ನಾನೂ ಹೋಗಿ ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದೆ. ಒಂದೂವರೆ ಗಂಟೆಯಾದ ಮೇಲೆ ನನ್ನ ಅಂಗಿಯ ಜೇಬಿನ ಅಂಚಿನಲ್ಲೇ ಸಿಕ್ಕಿತು. ವಾಚಮ್ಮ ಬೈಯಲಿಲ್ಲ. ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಆ ಕಪ್ಪು ಗಾಜನ್ನೇ ದಿಟ್ಟಿಸಿದರು.

"ಅಲ್ವೋ, ಗಡಿಯಾರಕ್ಕೆ ಇರೋದು ಒಂದೇ ಕೆಲಸ. ನೀನು ನೋಡಿದಾಗ ಹೇಳಬೇಕು, ನೋಡದಿದ್ದಾಗ ಸುಮ್ನಿರಬೇಕು. ಇದು ನನ್ನನ್ನೇ ನೋಡುತ್ತೆ, ಮೇಲಿಂದ ಮಾತೂ ಆಡುತ್ತೆ."

ಇಷ್ಟಾದರೂ ಅವರು ಅದನ್ನು ಬಿಚ್ಚಿರಲಿಲ್ಲ. ಮಗಳು ಪ್ರೀತಿಯಿಂದ ಕಟ್ಟಿದ್ದು ಎಂಬ ಮುಲಾಜು. ಬಿಚ್ಚಿದ್ದು ಗುರುವಾರದ ಗುಟ್ಟು ಹೊರಬಿದ್ದ ಮೇಲೆ.

ಗುರುವಾರ ನಮ್ಮ ಬೀದಿಗೆ ಅರ್ಧ ದಿನದ ರಜೆ. ಅಂದು ಮಧ್ಯಾಹ್ನ ವಾಚಮ್ಮ ಒಂದು ಚೀಲ ಹಿಡಿದು ಎಲ್ಲಿಗೋ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಎಲ್ಲಿಗೆಂದು ನಾನು ಕೇಳಿರಲಿಲ್ಲ. ಆದರೆ ವಾಚು ತಾನಿರುವ ಜಾಗವನ್ನೂ ಫೋನಿನ ನಕ್ಷೆಯ ಮೇಲೆ ಚುಕ್ಕೆಯಾಗಿ ತೋರಿಸುತ್ತಿದ್ದರಿಂದ ಮಗಳಿಗೆ ಅದು ಕಾಣಿಸಿಬಿಟ್ಟಿತು. ಮುಚ್ಚಿಹೋದ ನೂಲಿನ ಗಿರಣಿಯೊಳಗೆ ಒಂದು ಚುಕ್ಕೆ, ಎದೆಬಡಿತ ನೂರ ನಲವತ್ತು. ಅವಳು ಕೆಲಸ ಬಿಟ್ಟು ಆಟೋ ಹಿಡಿದು ಬಂದಳು. ಗಿರಣಿಯ ಕಾವಲುಗಾರ ಮೇಲೆ ಬೆರಳು ತೋರಿಸಿದನಂತೆ. ಎಂಬತ್ತೆರಡು ಮೆಟ್ಟಿಲಿನ ಗಡಿಯಾರ ಗೋಪುರ. ತುದಿಯಲ್ಲಿ, ಧೂಳಿನ ನಡುವೆ, ಅವಳ ತಾಯಿ ಎರಡೂ ಕೈಯಲ್ಲಿ ದೊಡ್ಡ ಹಿಡಿಕೆ ಹಿಡಿದು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು.

ಗಿರಣಿ ಮುಚ್ಚಿದಾಗ ಆ ಗಡಿಯಾರವೂ ನಿಂತಿತ್ತು. ಒಂಬತ್ತು ವರ್ಷದ ಹಿಂದೆ ವಾಚಮ್ಮ ಕಾವಲುಗಾರನನ್ನು ಒಪ್ಪಿಸಿ ಮೇಲೆ ಹತ್ತಿ, ತಿಂಗಳುಗಟ್ಟಲೆ ತುಕ್ಕು ಕೆರೆದು, ಎಣ್ಣೆ ಬಿಟ್ಟು, ಅದನ್ನು ಓಡಿಸಿದ್ದರು. ವಾರಕ್ಕೊಮ್ಮೆ ಕೀಲಿ. ಮಾಡು ಎಂದು ಯಾರೂ ಹೇಳಿರಲಿಲ್ಲ, ಮಾಡಿದ್ದನ್ನು ಇವರು ಯಾರಿಗೂ ಹೇಳಿರಲಿಲ್ಲ. ನಾನು ದಿನವೂ ಆ ಗೋಪುರ ನೋಡಿ ಅಂಗಡಿಯ ಬಾಗಿಲು ಹಾಕುತ್ತಿದ್ದೆ. ಗಡಿಯಾರ ತಾನಾಗಿ ಓಡುತ್ತದೆ ಎಂದುಕೊಂಡಿದ್ದೆ.

ಬಾಕಿ ಕೆಲಸಕ್ಕೆಂದು ನಾನು ಅಂದು ರಜೆಯಲ್ಲೂ ಅಂಗಡಿಯಲ್ಲಿದ್ದೆ. ಸಂಜೆ ಇಬ್ಬರೂ ಅಂಗಡಿಗೆ ಬಂದಾಗ ಹಲಗೆಯ ಗೋಡೆಗೆ ಕಿವಿ ಕೊಡುವ ಅಗತ್ಯವೇ ಇರಲಿಲ್ಲ.

"ತಲೆ ಸುತ್ತಿ ಬಿದ್ದು ತಿಂಗಳಾಗಿಲ್ಲ, ಎಂಬತ್ತೆರಡು ಮೆಟ್ಟಿಲು ಹತ್ತುತ್ತೀಯಲ್ಲಮ್ಮ! ನನ್ನ ಹತ್ರ ಮುಚ್ಚಿಟ್ಟೆ."

"ಮುಚ್ಚಿಡಲಿಲ್ಲ. ಹೇಳಲಿಲ್ಲ, ಅಷ್ಟೆ."

"ಎರಡಕ್ಕೂ ಏನು ವ್ಯತ್ಯಾಸ?"

"ನನಗೂ ಒಂದಿಷ್ಟು ನನ್ನದೇ ಅನ್ನೋದು ಇರಬೇಕಲ್ವಾ? ನಿನ್ನ ಅಪ್ಪನಿಗೂ ಹೇಳಿರಲಿಲ್ಲ. ನಿನ್ನ ವಾಚು ಹದಿನೈದೇ ದಿನಕ್ಕೆ ಚಾಡಿ ಹೇಳಿಬಿಡ್ತು."

ಮಗಳು ಕಣ್ಣು ತುಂಬಿಕೊಂಡು ಹೋದಳು. ವಾಚಮ್ಮ ವಾಚು ಬಿಚ್ಚಿದರು. ಆದರೆ ಬಿಚ್ಚಿ ಬೀರುವಿಗೆ ಹಾಕಲಿಲ್ಲ. ರಿಪೇರಿಗೆ ಬಂದಿದ್ದ ದೊಡ್ಡ ಗೋಡೆ ಗಡಿಯಾರವೊಂದರ ಲೋಲಕಕ್ಕೆ ಅದನ್ನು ಬೆಲ್ಟಿನಿಂದ ಬಿಗಿದರು. "ನಡೀತಾ ಇರಲಿ" ಎಂದರು.

ಶನಿವಾರ ಬೆಳಗ್ಗೆ ಮಗಳು ಮತ್ತೆ ಬಂದಳು. ಮುಖ ಗಂಟು ಹಾಕಿಕೊಂಡು ಫೋನನ್ನು ತಾಯಿಯ ಮುಂದೆ ಹಿಡಿದಳು. "ನಿನ್ನೆ ಒಂದೇ ದಿನ ಇಪ್ಪತ್ತೊಂದು ಸಾವಿರ ಹೆಜ್ಜೆ. ಎದೆಬಡಿತ ಇಲ್ಲ. ಎದೆಬಡಿತ ಇಲ್ಲದೆ ಊರೆಲ್ಲ ಸುತ್ತಿದ್ದೀಯ ಅಮ್ಮ." ಆಗಲೇ ಅವಳ ಕಣ್ಣು ಗೋಡೆಯ ಮೇಲೆ ಹೋಯಿತು. ಲೋಲಕ ಎಡಕ್ಕೂ ಬಲಕ್ಕೂ ಗಂಭೀರವಾಗಿ ತೂಗುತ್ತಿತ್ತು. ಅವಳು ನಕ್ಕುಬಿಟ್ಟಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ವಾಚಮ್ಮನಿಗೂ ತಡೆಯಲಾಗಲಿಲ್ಲ. ನಾನು ಆಚೆಯಿಂದಲೇ ನಕ್ಕೆ.

ನಕ್ಕ ಮೇಲೆ ರಾಜಿ ಸುಲಭವಾಯಿತು. ವೈದ್ಯರನ್ನು ಕೇಳಿದರು. ನಡುನಡುವೆ ಕೂತು ನಿಧಾನವಾಗಿ ಹತ್ತಲಿ, ಆ ಹೊತ್ತಿಗೆ ಕಾವಲುಗಾರನೂ ಜೊತೆಗಿರಲಿ ಎಂದರು ಅವರು. ಗೋಪುರದ ವಿಷಯ ಅಲ್ಲಿಗೆ ತೀರಿತು. ವಾಚು ಮತ್ತೆ ಕಟ್ಟಲು ವಾಚಮ್ಮ ಒಂದು ಷರತ್ತು ಹಾಕಿದರು.

"ನಿನ್ನ ಕೈಯಲ್ಲೂ ಇಂಥದ್ದೇ ಇದೆ. ನಿನ್ನದೂ ನನಗೆ ಕಾಣಿಸಬೇಕು."

"ನನ್ನದ್ಯಾಕಮ್ಮ? ನನಗೇನಾಗಿದೆ?"

"ನನಗೇನಾಗಿದೆ ಅಂತ ನಾನೂ ಕೇಳಿದ್ದೆ. ಒಂದೇ ಕಡೆಯಿಂದ ನೋಡೋದು ಕಾವಲು. ಎರಡೂ ಕಡೆಯಿಂದ ನೋಡೋದಾದ್ರೆ ಕಟ್ಕೊಳ್ತೀನಿ."

ಮಗಳು ಒಂದು ಕ್ಷಣ ಹಿಂಜರಿದಳು. ಅದನ್ನು ನಾನು ಆಗ ಗಮನಿಸಿದೆನೋ, ಈಗ ಕತೆ ಹೇಳುವಾಗ ನೆನಪಿಗೆ ಸೇರಿಸಿಕೊಳ್ಳುತ್ತಿದ್ದೇನೋ, ಖಚಿತವಾಗಿ ಹೇಳಲಾರೆ. ಕೊನೆಗೆ ಅಮ್ಮನ ಫೋನು ತೆಗೆದುಕೊಂಡು ಏನೇನೋ ಒತ್ತಿ ಕೊಟ್ಟಳು.

ಮೊದಮೊದಲು ಯಜಮಾನರು ಕೂತು ತೋರಿಸಿಕೊಡಬೇಕಾಯಿತು. ಈ ಕೆಂಪು ಗೆರೆ ಎದೆಬಡಿತ, ಈ ನೀಲಿ ಪಟ್ಟಿ ನಿದ್ದೆ, ಈ ಚುಕ್ಕೆ ಇರುವ ಜಾಗ. ವಾರದೊಳಗೆ ವಾಚಮ್ಮನೇ ಪಳಗಿದರು. ಕೆಲಸದ ನಡುವೆ ಭೂತಗನ್ನಡಿ ತೆಗೆದು ಫೋನು ನೋಡುವರು, ಮತ್ತೆ ಸಿಕ್ಕಿಸಿಕೊಳ್ಳುವರು. "ನಾನು ನೋಡ್ತಾ ಕೂತ್ರೆ ಬೈತಿದ್ದೆ. ಈಗ ನಿಂದು ಏನು?" ಎಂದು ಯಜಮಾನರು ಕೇಳಿದರೆ, "ನೀವು ನೋಡೋದು ಯಾರದೋ ಹಡಗು, ನಾನು ನೋಡೋದು ನನ್ನ ಮಗಳು" ಎನ್ನುವರು.

ನಲವತ್ತು ವರ್ಷ ವಾಚುಗಳ ಬಡಿತ ಕೇಳಿದ ಹೆಂಗಸು ಅವರು. ಯಾವುದು ಮುಂದೆ ಓಡುತ್ತದೆ, ಯಾವುದು ಎಡವುತ್ತದೆ ಎಂದು ಕಿವಿಗೆ ಹಿಡಿದೇ ಹೇಳುವವರು. ಆ ಅಭ್ಯಾಸದಿಂದಲೇ ಮಗಳ ಕೆಂಪು ಗೆರೆಯನ್ನೂ ಓದತೊಡಗಿದರು. ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಸಂಜೆ ನನ್ನನ್ನು ಕರೆದರು.

"ಇಲ್ಲಿ ಬಾರಪ್ಪ, ನಿನ್ನ ಕಣ್ಣಿಗೂ ಹೀಗೇ ಕಾಣುತ್ತಾ ನೋಡು. ಸೋಮವಾರ ಬೆಳಗ್ಗೆ ಒಂಬತ್ತು ಹತ್ತು, ನೂರ ಇಪ್ಪತ್ತು. ಮಂಗಳವಾರ ಒಂಬತ್ತು ಹತ್ತು, ನೂರ ಇಪ್ಪತ್ತೆರಡು. ಬುಧವಾರ ಅದೇ. ಭಾನುವಾರ ಇಲ್ಲ."

"ಬಸ್ಸಿಗೆ ಓಡ್ತಾಳೇನೋ ಅಕ್ಕ."

"ಹೆಜ್ಜೆ ನೋಡು. ಒಂದೂ ಇಲ್ಲ. ಕೂತಿದ್ದಾಳೆ. ಕೂತಲ್ಲೇ ಎದೆ ಓಡ್ತಿದೆ." ಆಮೇಲೆ ನೀಲಿ ಪಟ್ಟಿ ತೋರಿಸಿದರು. ನಿದ್ದೆ ಮೂರು ಗಂಟೆ, ಮೂರೂವರೆ, ಮತ್ತೆ ಮೂರು.

"ಕೇಳಿಬಿಡಿ" ಎಂದೆ.

"ಕೇಳಿದೆ. ಏನೂ ಇಲ್ಲಮ್ಮ ಅಂದಳು. ನನ್ನ ಮಗಳೇ ತಾನೇ." ಫೋನನ್ನು ಮೇಜಿನ ಮೇಲಿಟ್ಟು ಹೇಳಿದರು, "ದಿನಾ ಒಂದೇ ಹೊತ್ತಿಗೆ ನಿಲ್ಲೋ ವಾಚು ಬರುತ್ತಲ್ಲ, ಜನ ಯಂತ್ರ ಕೆಟ್ಟಿದೆ ಅಂತ ತರ್ತಾರೆ. ಯಂತ್ರ ಚೆನ್ನಾಗೇ ಇರುತ್ತೆ. ಆ ಜಾಗಕ್ಕೆ ಬಂದಾಗ ಒಂದು ಮುಳ್ಳು ಇನ್ನೊಂದಕ್ಕೆ ತಾಗ್ತಿರುತ್ತೆ. ಇವಳಿಗೆ ಒಂಬತ್ತು ಹತ್ತಕ್ಕೆ ಏನೋ ತಾಗ್ತಿದೆ."

ಮಾರನೆಯ ಬೆಳಗ್ಗೆ ಅವರ ಅಂಗಡಿ ತೆರೆಯಲಿಲ್ಲ. ಅಂದು ನಡೆದದ್ದನ್ನು ಅವರೇ ನನಗೆ ಹೇಳಿದ್ದು.

ಏಳೂಮುಕ್ಕಾಲಿನ ಬಸ್ಸು ಹತ್ತಿ ಸೇತುವೆ ದಾಟಿದರು. ಫೋನಿನಲ್ಲಿ ಮಗಳ ಚುಕ್ಕೆ ಮನೆಯಿಂದ ಹೊರಟು ಆಸ್ಪತ್ರೆಯ ಕಡೆ ಬಂದು, ಆಸ್ಪತ್ರೆಗೆ ಹೋಗದೆ ಎದುರಿನ ಬಸ್ ನಿಲ್ದಾಣದಲ್ಲಿ ನಿಂತಿತು. ವಾಚಮ್ಮ ರಸ್ತೆಯ ಈಚೆ ಔಷಧಿ ಅಂಗಡಿಯ ಪಕ್ಕ ನಿಂತು ನೋಡಿದರು. ತಗಡಿನ ಸೂರಿನ ಕೆಳಗೆ, ಕಬ್ಬಿಣದ ಬೆಂಚಿನ ತುದಿಯಲ್ಲಿ ಮಗಳು ಕೂತಿದ್ದಳು. ಒಂದರ ಹಿಂದೆ ಒಂದರಂತೆ ಬಸ್ಸುಗಳು ಬಂದು ಹೋದವು, ಅವಳು ತಲೆಯೆತ್ತಲಿಲ್ಲ. ಎರಡೂ ಕೈಯಲ್ಲಿ ಫೋನು ಹಿಡಿದಿದ್ದಳು. ಒತ್ತುತ್ತಲೂ ಇರಲಿಲ್ಲ, ಓದುತ್ತಲೂ ಇರಲಿಲ್ಲ. ಕಾಯುತ್ತಿದ್ದಳು.

ಒಂಬತ್ತು ಹತ್ತಕ್ಕೆ ಫೋನು ಬೆಳಗಿತು. ಮಗಳ ಬೆರಳು ಸರಸರನೆ ಓಡಿತು, ನಿಂತಿತು. ಭುಜ ಕೆಳಗಿಳಿಯಿತು. ಕಣ್ಣು ಮುಚ್ಚಿ ತಲೆಯನ್ನು ಹಿಂದಿನ ಕಂಬಕ್ಕೆ ಆನಿಸಿದಳು.

ವಾಚಮ್ಮ ರಸ್ತೆ ದಾಟಿ ಹೋಗಿ ಪಕ್ಕದಲ್ಲಿ ಕೂತರು. ಮಗಳು ಕಣ್ಣು ತೆರೆದು ಬೆಚ್ಚಿಬಿದ್ದಳು.

"ಅಮ್ಮ! ಏನಾಯ್ತು? ಅಪ್ಪನಿಗೆ ಏನಾದ್ರೂ...?"

"ಅಪ್ಪನಿಗೇನೂ ಆಗಿಲ್ಲ, ಹಡಗು ಇಳಿಸ್ತಿದ್ದಾರೆ. ಈಗ್ಯಾಕೆ ನೂರ ಇಪ್ಪತ್ತೈದು?"

ತನ್ನದೇ ಮಾತು ತನಗೇ ತಿರುಗಿ ಬಂದದ್ದಕ್ಕೆ ಮಗಳು ನಗಲು ಹೋದಳು. ನಗು ಅರ್ಧಕ್ಕೆ ನಿಂತು ಅಳುವಾಯಿತು. ವಾಚಮ್ಮ ಕಣ್ಣೊರೆಸಿಕೊಳ್ಳಲು ಸೆರಗು ಕೊಟ್ಟರು. ಬಸ್ಸು ಬಂತು, ಹೋಯಿತು.

ಆಮೇಲೆ ವಿಷಯ ಹೊರಬಂತು. ಎರಡು ತಿಂಗಳ ಹಿಂದೆ ಅವಳು ಇಬ್ಬರು ರೋಗಿಗಳ ರಕ್ತದ ಟ್ಯೂಬಿಗೆ ಚೀಟಿ ಅದಲುಬದಲು ಅಂಟಿಸಿದ್ದಳು. ಹತ್ತೇ ನಿಮಿಷದಲ್ಲಿ ತಾನೇ ಕಂಡುಹಿಡಿದು, ತಾನೇ ಹೋಗಿ ಹೇಳಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಲ್ಯಾಬಿನವರದ್ದು ಫೋನಿನಲ್ಲಿ ಒಂದು ಗ್ರೂಪು ಇದೆ, ಮೂವತ್ತೆಂಟು ಜನರದ್ದು. ಲ್ಯಾಬಿನ ಮುಖ್ಯಸ್ಥೆ ದಿನವೂ ಬೆಳಗ್ಗೆ ಹಿಂದಿನ ದಿನದ ತಪ್ಪುಗಳನ್ನು ಹೆಸರು ಸಮೇತ, ಫೋಟೋ ಸಮೇತ ಅದರಲ್ಲಿ ಹಾಕುತ್ತಾರೆ. ಎಲ್ಲರೂ ಕಲಿಯಲಿ ಎಂದು. ಆ ದಿನ ಇವಳ ಟ್ಯೂಬುಗಳ ಫೋಟೋ ಬಂತು, ಕೆಳಗೆ ಇವಳ ಹೆಸರು. ಅದರ ಕೆಳಗೆ ಹೆಬ್ಬೆರಳುಗಳು, ಬಾಯಿ ಬಿಟ್ಟ ಮುಖಗಳು, ಒಬ್ಬನದು ಒಂದು ನಗುವ ಮುಖ.

"ಆ ನಗುವ ಮುಖ ಹಾಕಿದವನು ಕ್ಯಾಂಟೀನಿನಲ್ಲಿ ನನ್ನ ಪಕ್ಕದಲ್ಲೇ ಕೂತು ಟೀ ಕುಡಿದನಮ್ಮ. ಎದುರಿಗೆ ಏನೂ ಅನ್ನಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು. ಈಗ ಆ ಮೆಸೇಜು ಬರೋವರೆಗೂ ಒಳಗೆ ಹೋಗೋಕೆ ಕಾಲೇ ಏಳಲ್ಲ. ರಾತ್ರಿ ಎಲ್ಲ ಒಂದೊಂದು ಟ್ಯೂಬೂ ನೆನಪು ಮಾಡ್ಕೊಳ್ತೀನಿ. ಚೀಟಿ ಸರಿ ಅಂಟಿಸಿದ್ನಾ, ಇಲ್ವಾ."

"ಆವತ್ತಿಂದ ಇವತ್ತಿನವರೆಗೆ ನಿನ್ನ ಹೆಸರು ಎಷ್ಟು ಸಲ ಬಂದಿದೆ?"

"ಅದೊಂದೇ ಸಲ."

"ಮಿಕ್ಕ ದಿನ?"

"ಬೇರೆಯವರದ್ದು. ಯಾರದ್ದಾದ್ರೂ ಇದ್ದೇ ಇರುತ್ತೆ."

ಆಗ ವಾಚಮ್ಮ ಮಗಳಿಗೆ ಯಾವತ್ತೂ ಹೇಳದಿದ್ದ ಒಂದು ಸಂಗತಿ ಹೇಳಿದರು. ಕಸುಬಿಗೆ ಹೊಸದಾಗಿ ಕೂತಿದ್ದಾಗ ಒಬ್ಬ ಮುದುಕ ಬೆಳ್ಳಿಯ ಜೇಬುಗಡಿಯಾರ ತಂದುಕೊಟ್ಟಿದ್ದ. ಇವರು ಯಂತ್ರವನ್ನು ಸರಿಮಾಡಿದ ಹುಮ್ಮಸ್ಸಿನಲ್ಲಿ ಹಿಂದಿನ ಮುಚ್ಚಳವನ್ನೂ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಸಿದರು. ಅಲ್ಲಿದ್ದ ಗೀರುಗಳು ಬರೀ ಗೀರುಗಳಲ್ಲ, ತೀರಿಹೋದ ಅವನ ಹೆಂಡತಿ ಸೂಜಿಯಿಂದ ಕೆತ್ತಿದ್ದ ಎರಡು ಅಕ್ಷರ ಎಂದು ಆಮೇಲೆ ಅಪ್ಪನಿಂದ ತಿಳಿಯಿತು. ಮುದುಕ ಗಡಿಯಾರ ತಿರುಗಿಸಿ ನೋಡಿದ. ಬೆರಳಿನಿಂದ ಸವರಿದ. ಏನೂ ಹೇಳದೆ ಹೋದ.

"ಎರಡು ವರ್ಷ ಅವನು ಬೀದಿಯಲ್ಲಿ ಬಂದ್ರೆ ನಾನು ಮೇಜಿನ ಕೆಳಗೆ ಏನೋ ಬಿದ್ದಿರೋ ಹಾಗೆ ಬಗ್ಗಿಬಿಡ್ತಿದ್ದೆ. ಆಮೇಲೆ ಒಂದಿನ ಇನ್ನೊಂದು ವಾಚು ಹಿಡ್ಕೊಂಡು ಅವನೇ ಒಳಗೆ ಬಂದ. ತಡೀಲಾರದೆ ಕೇಳಿದೆ, ಅಷ್ಟು ದೊಡ್ಡ ತಪ್ಪು ಮಾಡಿದೆನಲ್ಲ ತಾತ, ಮತ್ತೆ ಯಾಕೆ ನನ್ನ ಹತ್ರ ಬಂದ್ರಿ ಅಂತ."

"ಏನಂದ್ರು?"

"ಇನ್ನೊಂದು ಅಂಗಡಿ ತುಂಬ ದೂರ ಅಂದ."

ಮಗಳು ಈ ಸಲ ಪೂರ್ತಿ ನಕ್ಕಳು.

"ಕ್ಷಮಿಸಿದೆ ಅಂತಾನೆ ಅಂದ್ಕೊಂಡಿದ್ದೆ ಕಣೇ. ಅವನು ಕ್ಷಮಿಸಿದ್ನೋ ಇಲ್ವೋ ಈಗಲೂ ಗೊತ್ತಿಲ್ಲ. ಆದ್ರೆ ಎರಡು ವರ್ಷ ನಾನು ಬಗ್ಗಿದ್ದು ಅವನಿಗೆ ಗೊತ್ತೇ ಇರಲಿಲ್ಲ. ನಿನ್ನದು ಹಾಗೆ ಆಗಬಾರದು. ಆ ಮುಖ್ಯಸ್ಥೆಗೆ ನೀನು ಇಲ್ಲಿ ಕೂತಿರೋದು ಗೊತ್ತಾ?"

"ಇಲ್ಲ."

"ಹೆಸರು ಬಂದ ಬೇರೆಯವರು? ಅವರೂ ಹೀಗೇ ಎಲ್ಲೋ ಕೂತಿರ್ತಾರೇನೋ. ಬೆಂಚು ಬೇರೆ ಇರಬಹುದು."

ಒಂಬತ್ತೂವರೆಗೆ ಮಗಳು ಎದ್ದು ಒಳಗೆ ಹೋದಳು. ವಾಚಮ್ಮ ಬಸ್ಸು ಹತ್ತಿ ಬಂದು ಹನ್ನೊಂದಕ್ಕೆ ಅಂಗಡಿ ತೆರೆದರು. ಬಂದವರೇ ನೀರು ಕುಡಿದು, "ನಮ್ಮಪ್ಪ ತಪ್ಪು ಮಾಡಿದಾಗ ಎದುರಿಗೆ ನಿಲ್ಲಿಸಿಕೊಂಡು ಬೈತಿದ್ದ. ಬೈದು ಮುಗಿದ ಮೇಲೆ ಊಟಕ್ಕೆ ಕರೀತಿದ್ದ. ಈ ಫೋನಿನಲ್ಲಿ ಬೈಯೋದು ಇದೆ, ಊಟಕ್ಕೆ ಕರೆಯೋದು ಇಲ್ಲ" ಎಂದರು.

ಮುಂದಿನದು ಒಂದೇ ದಿನದಲ್ಲಿ ಆಗಲಿಲ್ಲ. ಹೆಸರು ಬಂದಿದ್ದ ಇನ್ನಿಬ್ಬರ ಜೊತೆ ಮಾತಾಡಲು ಮಗಳಿಗೆ ವಾರ ಹಿಡಿಯಿತು. ಒಬ್ಬಳು ಮೊದಲ ಮಾತಿಗೇ ಅತ್ತಳಂತೆ. ಇನ್ನೊಬ್ಬ, ಇಪ್ಪತ್ತು ವರ್ಷ ಸರ್ವೀಸಿನವನು, ತಾನು ಆ ಗ್ರೂಪನ್ನು ತೆರೆಯುವುದನ್ನೇ ಬಿಟ್ಟಿದ್ದೇನೆ, ಅದರಿಂದಾಗಿ ಒಂದು ಮುಖ್ಯವಾದ ಸೂಚನೆಯೂ ತಪ್ಪಿಹೋಯಿತು ಎಂದ. ಮೂವರೂ ಒಟ್ಟಿಗೆ ಮುಖ್ಯಸ್ಥೆಯ ಕೋಣೆಗೆ ಹೋದರು. ತಪ್ಪು ಮುಚ್ಚಿಡಿ ಎಂದು ಕೇಳಲಿಲ್ಲ, ಎದುರಿಗೆ ಕರೆದು ಹೇಳಿ ಎಂದು ಕೇಳಿದರು.

ಮುಖ್ಯಸ್ಥೆ ಕೆಟ್ಟವರಾಗಿರಲಿಲ್ಲ. ಮೂವತ್ತೆಂಟು ಜನರನ್ನು ಒಬ್ಬೊಬ್ಬರಾಗಿ ಕರೆದು ಹೇಳುವಷ್ಟು ಹೊತ್ತು ಇರಲಿಲ್ಲ, ಗ್ರೂಪಿನಲ್ಲಿ ಹಾಕಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದರು. "ನೀವೆಲ್ಲ ಹೆಬ್ಬೆರಳು ಎತ್ತಿ ಕಳಿಸ್ತಿದ್ರಿ. ಎಲ್ಲರಿಗೂ ಒಪ್ಪಿಗೆ ಅಂದ್ಕೊಂಡಿದ್ದೆ" ಎಂದರಂತೆ. ಮೊದಲು ಮುಖ ಬಿಗಿಯಿತು. ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನದ ಮೆಸೇಜಿನಲ್ಲಿ ತಪ್ಪು ಇತ್ತು, ಹೆಸರು ಇರಲಿಲ್ಲ. ಫೋಟೋ ಹಾಕುವುದು ಮಾತ್ರ ನಿಲ್ಲಲಿಲ್ಲ. ಯಾರ ಕೈಬರಹ ಎಂದು ಫೋಟೋದಲ್ಲಿ ಗುರುತಿಸುವವರು ಈಗಲೂ ಗುರುತಿಸುತ್ತಾರೆ. ನಗುವ ಮುಖ ಹಾಕಿದವನು ಕ್ಷಮೆ ಕೇಳಲಿಲ್ಲ, ತಾನು ಹಾಗೆ ಹಾಕಿದ್ದೇ ಅವನಿಗೆ ನೆನಪಿರಲಿಲ್ಲ. ಮಗಳು ಆ ಗ್ರೂಪಿನ ಸದ್ದು ಅಡಗಿಸಿ, ಹನ್ನೊಂದಕ್ಕೆ ಟೀ ಕುಡಿಯುವಾಗ ಮಾತ್ರ ತೆರೆಯುವುದೆಂದು ಗೊತ್ತುಮಾಡಿಕೊಂಡಳು.

ಕೆಂಪು ಗೆರೆ ಕೂಡಲೇ ಇಳಿಯಲಿಲ್ಲ. ವಾಚಮ್ಮ ನನಗೆ ಆಗಾಗ ಹೇಳುತ್ತಿದ್ದರು, ಇವತ್ತು ನೂರ ಹತ್ತು, ಇವತ್ತು ನೂರು, ಇವತ್ತು ಮತ್ತೆ ನೂರ ಹದಿನೈದು. ಬೆಂಚಿನ ಮೇಲಿನ ಚುಕ್ಕೆ ಇಪ್ಪತ್ತು ನಿಮಿಷದಿಂದ ಹತ್ತಕ್ಕೆ ಬಂತು, ಹತ್ತರಿಂದ ಐದಕ್ಕೆ. ಒಂದು ದಿನ ಚುಕ್ಕೆ ನಿಲ್ಲದೆ ನೇರವಾಗಿ ರಸ್ತೆ ದಾಟಿತು. ನಿದ್ದೆಯ ನೀಲಿ ಪಟ್ಟಿಯೂ ಐದು ಗಂಟೆ, ಆರು ಗಂಟೆಗೆ ಉದ್ದವಾಯಿತು.

ಅದಾದ ಮುಂದಿನ ಭಾನುವಾರ ಮಗಳು ಮನೆಗೆ ಬಂದಾಗ ವಾಚಮ್ಮ ತಮ್ಮ ಫೋನನ್ನು ಅವಳ ಕೈಗಿತ್ತರು.

"ಇನ್ನು ನಿನ್ನದು ನನಗೆ ಕಾಣಿಸೋದು ಬೇಡ. ತೆಗೆದುಬಿಡು."

"ಯಾಕಮ್ಮ? ಇದರಿಂದಲೇ ತಾನೇ ನಿನಗೆ ಗೊತ್ತಾಗಿದ್ದು?"

"ಗೊತ್ತಾಯ್ತು, ಒಳ್ಳೇದೇ ಆಯ್ತು. ಆದ್ರೆ ನಾನು ನಿನಗೆ ಫೋನ್ ಮಾಡೋದನ್ನೇ ಬಿಟ್ಟಿದ್ದೀನಿ, ನೋಡಿದ್ಯಾ? ಗೆರೆ ನೋಡ್ತೀನಿ, ಚೆನ್ನಾಗಿದ್ದಾಳೆ ಅಂದ್ಕೊಳ್ತೀನಿ, ಫೋನ್ ಕೆಳಗಿಡ್ತೀನಿ. ನಿನ್ನ ದನಿ ಕೇಳಿ ಆರು ದಿನ ಆಗಿತ್ತು."

ಮಗಳು ಅಮ್ಮನ ಫೋನು ತೆರೆದಳು. ತನ್ನದನ್ನು ತೆಗೆದಳು. ಆಮೇಲೆ ತಾನಾಗಿಯೇ ಅಮ್ಮನದನ್ನೂ ತನ್ನ ಫೋನಿನಿಂದ ತೆಗೆದಳು. ಎದೆ ತೀರಾ ಹೆಜ್ಜೆ ತಪ್ಪಿದರೆ ಮಾತ್ರ ತನಗೆ ಸುದ್ದಿ ಬರುವಂತೆ ಒಂದನ್ನು ಉಳಿಸಿಕೊಂಡಳು. ಅಷ್ಟಕ್ಕೆ ವಾಚಮ್ಮ ತಲೆಯಾಡಿಸಿದರು.

ಮೊದಲ ವಾರ ವಾಚಮ್ಮನಿಗೆ ಕಷ್ಟವಾಯಿತು. ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು, ಖಾಲಿ ಪರದೆ ನೋಡಿ ವಾಪಸು ಬರುತ್ತಿತ್ತು. "ಚಟ ಅನ್ನೋದು ಬರೀ ನಮ್ಮ ಮನೆಯವರ ರೋಗ ಅಂತಿದ್ದೆ. ನನಗೂ ತಗುಲಿತ್ತು ನೋಡು" ಎಂದು ನನ್ನ ಬಳಿ ಒಪ್ಪಿಕೊಂಡರು. ಬುಧವಾರ ತಡೆಯಲಾರದೆ ಮಗಳಿಗೆ ಕರೆ ಮಾಡಿದರು. "ಅಮ್ಮ, ಈಗ ಕೈ ತುಂಬ ಕೆಲಸ, ಆಮೇಲೆ ಮಾಡ್ತೀನಿ" ಎಂದು ಅವಳು ಇಟ್ಟುಬಿಟ್ಟಳು. ವಾಚಮ್ಮ ಫೋನನ್ನು ಮೇಜಿನ ಖಾನೆಗೆ ಹಾಕಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು.

ಸಂಜೆ ಆರಕ್ಕೆ ಹಲಗೆಯ ಆಚೆ ಫೋನು ಹೊಡೆದುಕೊಂಡಿತು. ಮನೆಯ ಕಿಟಕಿಗೆ ಹೊಸ ಪರದೆ ತರಬೇಕು, ಗೆಳತಿಗೆ ಹಳದಿ ಬೇಕಂತೆ, ಮಗಳಿಗೆ ಬೂದು ಬಣ್ಣವಂತೆ. ಹಳದಿಯ ಪರ ಏನು, ಬೂದುಬಣ್ಣದ ಪರ ಏನು ಎಂದು ವಾಚಮ್ಮ ವಿವರವಾಗಿ ವಿಚಾರಿಸಿದರು. ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳಿದರು. ಬೂದು ಕೊಳೆ ತೋರಿಸುವುದಿಲ್ಲ ಎಂದರು. ಇಲ್ಲ ಇಲ್ಲ, ಧೂಳು ಎದ್ದು ಕಾಣುತ್ತದೆ ಎಂದು ಆ ಕಡೆಯಿಂದ ಗೆಳತಿಯ ವಾದ ಬಂದಿರಬೇಕು, ಮತ್ತೆ ಮೊದಲಿನಿಂದ ಶುರುವಾಯಿತು. ನಾನು ಅಂಗಡಿ ಗುಡಿಸಿ, ಯಂತ್ರಕ್ಕೆ ಬಟ್ಟೆ ಹೊದಿಸಿ, ಬಾಗಿಲು ಎಳೆದುಕೊಂಡು ಹೊರಡುವಾಗಲೂ ಪರದೆಯ ಮಾತು ಮುಗಿದಿರಲಿಲ್ಲ. ವಾಚಮ್ಮ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ನನಗೆ ಕೈಯಲ್ಲೇ ಹೋಗಿಬಾ ಎಂದು ಸನ್ನೆ ಮಾಡಿದರು.